ಮುಳುಗಿದ ಗಾಡಿಯ ಉಸಿರು

ಕ್ರೇನಿನವನು ತಗಡಿನ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದು, ತುಂಬಿದ ಹಾಲಿನ ಪಾತ್ರೆ ತರುವವರ ಹಾಗೆ ಹೆಜ್ಜೆ ಅಳೆದು ಅಳೆದು ಬಂದು, ವಾಹನ ಪರೀಕ್ಷಕಿಯ ಸ್ಟೂಲಿನ ಮುಂದೆ ಇಳಿಸಿದ.

"ಹಿಂದಿನ ಆಕ್ಸಲ್ಲಿನ ಎಣ್ಣೆ ಪೂರ್ತಿ ಬಸಿದಿದ್ದೀನಿ ಅಕ್ಕ. ಒಂದು ತೊಟ್ಟೂ ಬಿಟ್ಟಿಲ್ಲ ಅಂತ ಆಣೆ ಮಾಡೋಕಾಗಲ್ಲ, ಆದ್ರೆ ಬಿಟ್ಟಿಲ್ಲ."

ಅವಳು ಕಡ್ಡಿ ಅದ್ದಿ ಮೇಲೆತ್ತಿದಳು. ಎಣ್ಣೆ ತುಂಡಾಗದೆ ಒಂದೇ ಎಳೆಯಾಗಿ ಇಳಿಯಿತು. ಬಿಸಿಲಿಗೆ ಹಿಡಿದು ನೋಡಿದಳು. ಹಳೆಯ ಜೇನಿನ ಬಣ್ಣ. ನೀರು ಸೇರಿ, ಹಾಲು ಜಾಸ್ತಿಯಾದ ಚಹಾದ ಹಾಗೆ ಬೆಳ್ಳಗೆ ಕದಡಿರಬೇಕಾಗಿದ್ದ ಎಣ್ಣೆ ಅದು. ಕದಡಿರಲಿಲ್ಲ.

"ಒಳ್ಳೇದಾ, ಕೆಟ್ಟದ್ದಾ?" ಎಂದು ಕೇಳಿದ ಕ್ರೇನಿನವನು.

"ಯಾರಿಗೆ ಅನ್ನೋದರ ಮೇಲಿದೆ" ಎಂದಳು ಅವಳು.

ಎರಡು ದಿನದ ಹಿಂದೆ, ಸುರಿಯುವ ಮಳೆಯ ಬೆಳಿಗ್ಗೆ, ರೈಲು ಸೇತುವೆಯ ಕೆಳಗೆ ನಿಂತ ನೀರಿನಲ್ಲಿ ಔಷಧ ಡಿಪೋದ ಪಿಕಪ್ ಗಾಡಿ ಸಿಕ್ಕಿತ್ತು. ಅದರಲ್ಲಿ ಹೋಗಿದ್ದನೆನ್ನಲಾದ ಗುಮಾಸ್ತ ಸಿಕ್ಕಿರಲಿಲ್ಲ. ಅದನ್ನು ಓಡಿಸಿದನೆನ್ನಲಾದ ಡ್ರೈವರು ಠಾಣೆಯ ಲಾಕಪ್ಪಿನಲ್ಲಿದ್ದ.

ಲಾಕಪ್ಪಿಗೂ ಈ ಅಂಗಳಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ. ಠಾಣೆಯ ಹಿಂಭಾಗದ ಅಂಗಳದಲ್ಲಿ, ಕೇಸು ಮುಗಿಯದೆ ತುಕ್ಕು ಹಿಡಿದ ಬೈಕು ಕಾರುಗಳ ಸಾಲಿನಲ್ಲಿ, ಪಿಕಪ್ಪು ಬಾಯಿ ತೆರೆದುಕೊಂಡು ನಿಂತಿತ್ತು. ಬಾನೆಟ್ ಮೇಲಕ್ಕೆ, ಬಾಗಿಲು ಎರಡೂ ಕಡೆಗೆ. ಗೇಟಿಗೆ ಬೀಗವಿರಲಿಲ್ಲ, ಸರಪಳಿ ಸುತ್ತಿಟ್ಟಿದ್ದರು. ಇಲ್ಲಿಂದ ಕದಿಯುವಂಥದ್ದು ಏನೂ ಇಲ್ಲವೆಂದು ಊರಿಗೆಲ್ಲ ಗೊತ್ತು.

ಠಾಣಾಧಿಕಾರಿ ನಾಲ್ಕು ಗಂಟೆಗೆ ವರದಿ ಕೇಳಿದ್ದ. ಡ್ರೈವರೇ ಗಾಡಿಯನ್ನು ಆಳದ ನೀರಿಗೆ ನುಗ್ಗಿಸಿದ ಎಂದು ವಾಹನ ಪರೀಕ್ಷಕಿ ಬರೆದುಕೊಟ್ಟರೆ, ಒಬ್ಬನ ಸಾವಿಗೆ ಕಾರಣನಾದವನೆಂದು ಇವತ್ತೇ ಅವನನ್ನು ಕೋರ್ಟಿಗೆ ಒಪ್ಪಿಸುವುದು. ಅಲ್ಲಿಂದ ಮುಂದೆ ಜೈಲು. ಬರೆದುಕೊಡದಿದ್ದರೆ ಯಾಕೆ ಎಂದು ಕಾರಣ ಕೊಡಬೇಕು. ಅನಿಸಿಕೆಗೆ ಆ ಫಾರ್ಮಿನಲ್ಲಿ ಜಾಗವಿಲ್ಲ.

ಕಚೇರಿಯಲ್ಲಿ ಅವಳಿಗೆ ಕಿವಿಯಮ್ಮ ಎಂದು ಹೆಸರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ, ಒಳಗೆ ಯಾವುದು ಸವೆದಿದೆ ಎಂದು ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ಅಪ್ಪ ಸಂಜೆ ಹೊತ್ತು ಪದ್ಯ ಓದುವಾಗ ಗೋಡೆಗೊರಗಿ ಕೇಳಿಸಿಕೊಂಡ ಕಿವಿ ಅದು. ಅರ್ಥ ತಿಳಿಯದ ವಯಸ್ಸಿನಲ್ಲೂ ಎಲ್ಲಿ ಒಂದು ಮಾತ್ರೆ ಜಾರಿತು ಎಂದು ಅದಕ್ಕೆ ಗೊತ್ತಾಗುತ್ತಿತ್ತು.

ನಿನ್ನೆ ಈ ಎಂಜಿನ್ನನ್ನು ಕೈಯಿಂದ ತಿರುಗಿಸಿದಾಗಲೂ ಹಾಗೇ ಆಗಿತ್ತು. ನಾಲ್ಕು ಪಾದದ ಪದ್ಯದಲ್ಲಿ ಮೂರನೆಯದು ಕುಂಟಿದ ಹಾಗೆ. ಇಂಜೆಕ್ಟರುಗಳನ್ನು ಬಿಚ್ಚಿಸಿದರೆ ಮೂರನೆಯ ಸಿಲಿಂಡರಿನಿಂದ ಕೆಸರು ನೀರು ಚಿಮ್ಮಿತು. ತಂತಿ ಇಳಿಸಿ ಅಳೆದಳು. ಉಳಿದ ಮೂರು ಪಿಸ್ಟನ್ನುಗಳು ಒಂದೇ ಎತ್ತರಕ್ಕೆ ಬಂದವು. ಮೂರನೆಯದು ಉಗುರಿನಗಲದಷ್ಟು ಕೆಳಗೇ ನಿಂತುಬಿಟ್ಟಿತು. ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ ಎಂಜಿನ್ನು ನೀರು ಕುಡಿದಿತ್ತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಅದುಮಲು ಹೋದ ಪಿಸ್ಟನ್ನಿನ ರಾಡು ಬಗ್ಗಿತ್ತು.

ಅಂದರೆ ಗಾಡಿಯನ್ನು ಯಾರೂ ತಳ್ಳಿರಲಿಲ್ಲ. ಓಡುತ್ತಲೇ ನೀರಿಗೆ ಇಳಿದಿತ್ತು.

ಇದು ಡ್ರೈವರಿಗೆ ವಿರುದ್ಧದ ಮಾತು. ಅವನ ಪರವಾಗಿಯೂ ಒಂದು ಸಿಕ್ಕಿತ್ತು. ಸ್ಟಾರ್ಟರ್ ಮೋಟಾರು ಸುಟ್ಟು ಕರಕಲಾಗಿತ್ತು. ನೀರಿನಲ್ಲಿ ನಿಂತುಹೋದ ಎಂಜಿನ್ನಿಗೆ ಯಾರೋ ಮತ್ತೆ ಮತ್ತೆ ಕೀ ಕೊಟ್ಟಿದ್ದರು. ಆದರೆ ಅದೇ ಗಾಡಿಯ ಸ್ಟಿಯರಿಂಗ್ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಚೀಟಿ ಅಂಟಿಸಿತ್ತು. ನೀರು ಕುಡಿದು ಉಬ್ಬಿದ್ದರೂ ಓದಬಹುದಾಗಿತ್ತು: 'ನೀರಲ್ಲಿ ನಿಂತರೆ ಮತ್ತೆ ಕೀ ಕೊಡಬಾರದು. ಕೀ ತೆಗೆದು ಕೆಳಗಿಳಿ.' ಅದು ಡ್ರೈವರಿನ ಕೈಬರಹ. ಮೂವತ್ತು ವರ್ಷದಿಂದ ಡಿಪೋಗೆ ಬಂದ ಹೊಸಬರಿಗೆಲ್ಲ ಅವನು ಮೊದಲು ಹೇಳಿಕೊಡುತ್ತಿದ್ದ ಪಾಠ.

ತಾನು ಆ ಬೆಳಿಗ್ಗೆ ಗಾಡಿ ಮುಟ್ಟಲೇ ಇಲ್ಲವೆಂದು ಅವನು ಹೇಳಿದ್ದ. ಹಿಂದಿನ ಸಂಜೆ ಡಿಪೋದಲ್ಲಿ ನಿಲ್ಲಿಸಿ, ಕೀಯನ್ನು ಮೊಳೆಗೆ ತಗುಲಿಹಾಕಿ ಮನೆಗೆ ಹೋಗಿದ್ದನಂತೆ. ಬೆಳಿಗ್ಗೆ ಬೈಕಿನಲ್ಲಿ ಕೆಲಸಕ್ಕೆ ಬರುವಾಗ ಸೇತುವೆಯ ಕೆಳಗೆ ತನ್ನದೇ ಗಾಡಿಯ ತಲೆ ಕಂಡಿತು. ಒಳಗೆ ಯಾರಾದರೂ ಇದ್ದಾರೋ ಎಂದು ಕುತ್ತಿಗೆಯವರೆಗೆ ಇಳಿದು ಗಾಜು ಒಡೆದ. ಜನ ಬಂದು ನೋಡುವಾಗ ಅವನು ಒದ್ದೆ ಬಟ್ಟೆಯಲ್ಲಿ, ಕೈಯಲ್ಲಿ ರಕ್ತ ಸುರಿಸಿಕೊಂಡು, ಗಾಡಿಯ ಬಾಗಿಲು ಹಿಡಿದು ನಿಂತಿದ್ದ. ಅದನ್ನು ನೋಡಿದವರು ತಮಗೆ ಕಂಡಂತೆ ಹೇಳಿದರು: ಇವನು ಒಳಗಿನಿಂದ ಗಾಜು ಒಡೆದು ಪಾರಾಗಿದ್ದಾನೆ, ಜೊತೆಗಿದ್ದವನನ್ನು ಬಿಟ್ಟು.

ಜೊತೆಗಿದ್ದನೆನ್ನಲಾದ ಆ ಗುಮಾಸ್ತ ಅವನ ಅಳಿಯ.

ಹಾಗಾಗಿ ಠಾಣೆಯ ಬೆಂಚಿನ ಮೇಲೆ ಎರಡು ದಿನದಿಂದ ಕುಳಿತಿದ್ದ ಹೆಂಗಸಿಗೆ ಒಳಗಿರುವವನು ಅಪ್ಪ, ನೀರಿನಲ್ಲಿ ಹುಡುಕುತ್ತಿರುವುದು ಗಂಡನನ್ನು. ಯಾರ ಸಲುವಾಗಿ ಅಳಬೇಕೆಂದು ತೀರ್ಮಾನವಾಗದವಳ ಹಾಗೆ ಅವಳು ಅಳದೆಯೇ ಕುಳಿತಿದ್ದಳು.

ಒಂದು ಗಂಟೆಗೆ ಅವಳು ಅಪ್ಪನಿಗೆ ಊಟ ತಂದಳು. ಕಾಗದದಲ್ಲಿ ಸುತ್ತಿ ನೀಲಿ ನೈಲಾನ್ ದಾರದಿಂದ ಬಿಗಿದ ಪೊಟ್ಟಣ. ಬಾಗಿಲ ಬಳಿಯ ಪೇದೆ ಬಿಚ್ಚಿ ನೋಡದೆ ಒಳಗೆ ಬಿಡುವ ಹಾಗಿರಲಿಲ್ಲ. ಗಂಟಿನ ಜೊತೆ ಅವನು ಒದ್ದಾಡುತ್ತಿದ್ದುದನ್ನು ಕೈ ತೊಳೆಯಲು ಒಳಗೆ ಬಂದಿದ್ದ ಪರೀಕ್ಷಕಿ ನೋಡಿದಳು. ಉಗುರು ಹಾಕಿದ, ಹಲ್ಲು ಹಾಕಿದ, ಬಿಡಲಿಲ್ಲ. ಕೊನೆಗೆ ಮಗಳೇ ಕೈ ಚಾಚಿದಳು. ಎಲ್ಲೋ ಒಳಗೆ ಅಡಗಿದ್ದ ಒಂದು ತುದಿಯನ್ನು ಕಿರುಬೆರಳಿನಿಂದ ಹುಡುಕಿ ಒಮ್ಮೆ ಎಳೆದಳು. ದಾರ ನೇರವಾಗಿ ಅಂಗೈಗೆ ಬಂತು. ದಾರದ ತುದಿಯನ್ನು ಬೆಂಕಿಕಡ್ಡಿಯಲ್ಲಿ ಸುಟ್ಟು ಸಾಸಿವೆಯಷ್ಟು ಗಾತ್ರದ ಕಪ್ಪು ಮಣಿ ಮಾಡಿತ್ತು.

ಪರೀಕ್ಷಕಿ ಅದೇನೆಂದು ವಿಚಾರಿಸಿದಳು.

"ಇದು ನಮ್ಮನೆಯವರ ಗಂಟು" ಎಂದಳು ಅವಳು. "ಔಷಧಿ ಪೆಟ್ಟಿಗೆ ದಾರೀಲಿ ಯಾರಾದ್ರೂ ಬಿಚ್ಚಿದ್ರೆ ವಾಪಸ್ ಹಾಗೇ ಕಟ್ಟೋಕೆ ಬರಬಾರದು ಅಂತ ಅವರೇ ಕಂಡುಹಿಡಿದದ್ದು. ಡಿಪೋದಲ್ಲಿ ಇನ್ಯಾರಿಗೂ ಹೇಳಿಕೊಟ್ಟಿಲ್ಲ. ಅವರಿಗೆ ಬರುತ್ತೆ, ನನಗೆ ಬರುತ್ತೆ. ಮದುವೆಯಾದ ಹೊಸತರಲ್ಲಿ ಕಲಿಸಿದ್ದು. ಬೇರೆ ಗಂಡಂದಿರು ಸಿನಿಮಾಗೆ ಕರ್ಕೊಂಡು ಹೋಗ್ತಿದ್ರು."

ಕೊನೆಯ ಮಾತಿಗೆ ಅವಳ ತುಟಿ ಸ್ವಲ್ಪ ಅರಳಿತು. ಆಮೇಲೆ ತಾನು ನಕ್ಕಿದ್ದಕ್ಕೆ ತಾನೇ ಬೆಚ್ಚಿದವಳ ಹಾಗೆ ದಾರವನ್ನು ಮುದ್ದೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡಳು.

ಡಿಪೋದ ಮ್ಯಾನೇಜರು ಎರಡು ಗಂಟೆಗೆ ಸರಿಯಾಗಿ ಬಂದ. ಅಂಗಳದ ಕೆಸರಿನಲ್ಲಿ ಒಣ ಜಾಗ ನೋಡಿ ನೋಡಿ ಕಾಲಿಡುತ್ತಿದ್ದ. ಎರಡು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಎರಡು ಹೆಜ್ಜೆ. ಬೂಟಿಗೆ ಒಂದು ಹನಿಯೂ ತಾಗಿರಲಿಲ್ಲ. ಇದ್ದ ಒಂದೇ ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ ಕುಳಿತ.

ಅವಳೇನಾದರೂ ಯಂತ್ರದ ವಿಷಯ ಕೇಳಿಯಾಳೆಂದು ಮೊದಲೇ ಕೈ ಎತ್ತಿಬಿಟ್ಟ. ತನಗೆ ಗಾಡಿ ಎಂದರೆ ಹತ್ತುವುದು, ಇಳಿಯುವುದು, ಅಷ್ಟೇ. ಬಾನೆಟ್ಟು ಯಾವ ಕಡೆಯಿಂದ ಏಳುತ್ತದೆ ಎಂದು ಇವತ್ತಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷ ಆ ತಲೆನೋವನ್ನೆಲ್ಲ ಡ್ರೈವರಿಗೇ ಬಿಟ್ಟಿದ್ದು. ಅವನನ್ನು ಮನೆಯವನ ಹಾಗೆ ನೋಡಿಕೊಂಡದ್ದು. ಈಗ ಹೀಗಾಗಿದೆ, ಏನು ಹೇಳುವುದು.

ಪರೀಕ್ಷಕಿ ಕೇಳಿಸಿಕೊಂಡಳು. ಕೇಳಿಸಿಕೊಳ್ಳುವುದು ಅವಳಿಗೆ ಅಭ್ಯಾಸ.

"ಗಾಡಿ ಎಷ್ಟು ಗಂಟೆಗೆ ಹೊರಟಿದ್ದು?"

"ಆರಕ್ಕೆ. ಇಬ್ಬರೂ ಹೊರಟರು, ಮಾವ ಅಳಿಯ. ಗೇಟು ನಾನೇ ತೆಗೆದದ್ದು."

"ಲೋಡು ಇತ್ತಾ?"

"ಪೂರ್ತಿ ಲೋಡು. ಇಪ್ಪತ್ತೆರಡು ಪೆಟ್ಟಿಗೆ. ಎಲ್ಲಾ ನೀರುಪಾಲಾಯ್ತು."

"ಸೇತುವೆ ಮುಟ್ಟೋಕೆ?"

"ನಲವತ್ತು ನಿಮಿಷದ ದಾರಿ, ಮೇಡಂ. ಮಳೆಯಲ್ಲಿ ಇನ್ನೂ ಐದು ಹಾಕ್ಕೊಳ್ಳಿ."

ಅವಳು ಅದನ್ನೆಲ್ಲ ಬರೆದುಕೊಂಡು ಅವನ ಸಹಿ ಹಾಕಿಸಿಕೊಂಡಳು. ಆಮೇಲೆ ಡಬ್ಬಿಯನ್ನು ಕಾಲಿನಿಂದ ಅವನ ಕಡೆ ಸರಿಸಿದಳು.

"ನಲವತ್ತು ನಿಮಿಷ ಲೋಡು ಎಳೆದ ಗಾಡಿಯ ಹಿಂದಿನ ಆಕ್ಸಲ್ ಮುಟ್ಟಿದ್ರೆ ಕೈ ಸುಡುತ್ತೆ. ಅದು ಒಂದೇ ಸಲಕ್ಕೆ ತಣ್ಣೀರಿಗೆ ಬಿದ್ರೆ ಒಳಗಿನ ಗಾಳಿ ಕುಗ್ಗಿ, ಹೊರಗಿಂದ ಉಸಿರು ಎಳ್ಕೊಳ್ಳುತ್ತೆ. ಉಸಿರಾಡೋಕೆ ಅಂತ ಅದರ ಮೇಲೆ ಬೆರಳುದ್ದದ ಒಂದು ಮೂಗಿದೆ, ಬ್ರೀದರ್ ಅಂತೀವಿ. ಮೂಗು ನೀರಲ್ಲಿದ್ರೆ ಒಳಗೆ ಹೋಗೋದು ನೀರು. ಎಣ್ಣೆ ಬೆಳ್ಳಗಾಗುತ್ತೆ. ಇದು ಬೆಳ್ಳಗಾಗಿಲ್ಲ, ನೋಡಿ."

ಮ್ಯಾನೇಜರು ಬಗ್ಗಿ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

"ನೀರಿಗೆ ಇಳಿಯುವಾಗ ಈ ಆಕ್ಸಲ್ ತಣ್ಣಗಿತ್ತು" ಎಂದಳು ಅವಳು. "ಇದು ನಲವತ್ತು ನಿಮಿಷ ಓಡಿ ಬಂದ ಗಾಡಿ ಅಲ್ಲ. ಸೇತುವೆ ಹತ್ರವೇ ಎಲ್ಲೋ ನಿಂತಿದ್ದು, ಒಂದೆರಡು ನಿಮಿಷ ಓಡಿ ನೀರಿಗೆ ಬಿದ್ದಿದೆ. ಹಿಂದಗಡೆ ಕೆಸರು ಸಾರಿಸಿದ ನೆಲದ ಹಾಗೆ ಸಮವಾಗಿ ಕೂತಿದೆ, ಒಂದು ಪೆಟ್ಟಿಗೆಯ ಗುರುತೂ ಇಲ್ಲ. ನೀವು ಗೇಟು ತೆಗೆದದ್ದು ಯಾವ ಗಾಡಿಗೆ?"

ಗೋಡೆಯಾಚೆ ಲಾಕಪ್ಪಿನಲ್ಲಿ ಯಾರೋ ಕೆಮ್ಮಿದರು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಅವಸರವೇನೂ ಇರಲಿಲ್ಲ.

"ಮೇಡಂ, ಆ ಬ್ರೀದರಿಗೆ ಕೊಳವೆ ಹಾಕಿದೆಯಲ್ಲ."

"ಯಾವ ಕೊಳವೆ?"

"ರಬ್ಬರ್ ಕೊಳವೆ. ಆಕ್ಸಲ್ಲಿಂದ ಮೇಲೆ ಹಿಂದಿನ ದೀಪದ ತನಕ. ನೀರು ಹೋಗಬಾರದು ಅಂತ. ಹಾಗಿದ್ರೆ ಬಿಸಿ ಇದ್ರೂ ನೀರು ಎಳ್ಕೊಳ್ಳೋದಿಲ್ಲ, ಅಲ್ವಾ? ನೀವು ಕೆಳಗೆ ನೋಡಿರ್ತೀರಿ ಅಂದ್ಕೊಂಡೆ."

ಅವಳು ನೋಡಿರಲಿಲ್ಲ.

ಬಲ ಮೊಣಕಾಲು ಮಡಚಿದರೆ ಏಳುವುದು ಕಷ್ಟವೆಂದು ನಿನ್ನೆ ಗಾಡಿಯ ಕೆಳಗೆ ಹೋಗಿರಲಿಲ್ಲ. ಇವತ್ತೂ ಎಣ್ಣೆ ಬಸಿಯಲು ಕ್ರೇನಿನವನನ್ನು ಕಳಿಸಿದ್ದಳು. ಅವನು ಅಡಿಯ ನಟ್ಟು ಬಿಚ್ಚಿ ಬಸಿದು ತಂದಿದ್ದ, ಮೇಲೆ ನೋಡು ಎಂದು ಅವಳು ಹೇಳಿರಲಿಲ್ಲ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಬೇರೆಯವರು ಇಂಥ ತಪ್ಪು ಮಾಡಿದಾಗ ಅವಳು ಎಷ್ಟು ಸಲ ಬೈದಿದ್ದಳೋ.

ಗೋಣಿಚೀಲ ಹಾಸಿಕೊಂಡು, ಕ್ರೇನಿನವನ ಭುಜ ಹಿಡಿದು ಇಳಿದು, ಬೆನ್ನ ಮೇಲೆ ಮಲಗಿ ಟಾರ್ಚು ಹಾಕಿದಳು. ಕೊಳವೆ ಇತ್ತು. ಆಕ್ಸಲ್ಲಿನ ಮೇಲಿಂದ ಹೊರಟು, ಚಾಸಿಗೆ ಎರಡು ಕಡೆ ದಾರದಿಂದ ಬಿಗಿಸಿಕೊಂಡು, ಹಿಂದಿನ ದೀಪದ ಹಿಂದೆ ಮುಗಿದಿತ್ತು. ಕೆಲಸ ಅಚ್ಚುಕಟ್ಟಾಗಿತ್ತು.

ಅವಳು ಇಡೀ ಬೆಳಿಗ್ಗೆ ಕಟ್ಟಿದ ಲೆಕ್ಕಾಚಾರ ಆ ಬೆರಳು ದಪ್ಪದ ಕೊಳವೆಯಲ್ಲಿ ಗಾಳಿಯಾಗಿ ಹೋಯಿತು. ಮೂಗು ನೀರಿಗಿಂತ ಮೇಲಿದ್ದರೆ ಆಕ್ಸಲ್ ಬಿಸಿಯಿದ್ದರೂ ಒಂದೇ, ತಣ್ಣಗಿದ್ದರೂ ಒಂದೇ. ಜೇನಿನ ಬಣ್ಣದ ಎಣ್ಣೆ ಈಗ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ. ಉಳಿದದ್ದು ಸುಟ್ಟ ಸ್ಟಾರ್ಟರು ಮತ್ತು ಒಂದು ಚೀಟಿ. ಗಾಬರಿಯಲ್ಲಿ ಯಾರಿಗಾದರೂ ತಮ್ಮದೇ ಪಾಠ ಮರೆತುಹೋಗುತ್ತದೆ ಎಂದು ಕೋರ್ಟಿನಲ್ಲಿ ಒಂದು ಮಾತು ಹೇಳಿದರೆ ಅದೂ ಮುಗಿಯಿತು.

"ಸಿಕ್ತಾ ಮೇಡಂ?" ಮೇಲಿನಿಂದ ಮ್ಯಾನೇಜರಿನ ದನಿ.

"ಸಿಕ್ತು" ಎಂದಳು ಅವಳು, ಮಲಗಿದಲ್ಲಿಂದಲೇ. "ಯಾರು ಹಾಕಿದ್ದು?"

"ನಮ್ಮ ಡ್ರೈವರೇ. ಎರಡು ವರ್ಷ ಆಯ್ತು. ಆ ವಿಷಯದಲ್ಲಿ ಅವನು ಜೋಪಾನ."

ಅವಳು ಏಳಲಿಲ್ಲ. ಬಾನೆಟ್ಟು ಯಾವ ಕಡೆಯಿಂದ ಏಳುತ್ತದೆ ಎಂದು ತಿಳಿಯದವನಿಗೆ, ಆಕ್ಸಲ್ಲಿನ ಮೇಲಿನ ಬೆರಳುದ್ದದ ಮೂಗಿಗೆ ಕೊಳವೆ ಇದೆ ಎಂದು ತಿಳಿದಿತ್ತು. ಅದು ಏನು ಮಾಡುತ್ತದೆ ಎಂದೂ ತಿಳಿದಿತ್ತು. ದನಿಯಲ್ಲಿ ಒಂದು ಮಾತ್ರೆ ಜಾರಿದ್ದು ಅವಳ ಕಿವಿಗೆ ಆಗಲೇ ಬಿದ್ದಿತ್ತು. ಆದರೆ ಫಾರ್ಮಿನಲ್ಲಿ ಕಿವಿಗೂ ಜಾಗವಿಲ್ಲ. ಈ ಸಲ ಕಣ್ಣಿಗೇ ಕೆಲಸ ಕೊಟ್ಟಳು.

ಗಾಡಿಯ ಹೊಟ್ಟೆಯೆಲ್ಲ ಬೂದು ಕೆಸರು. ಬ್ರೇಕಿನ ಪೈಪಿನ ಮೇಲೆ, ಸ್ಪ್ರಿಂಗ್ ಪಟ್ಟಿಗಳ ಸಂದಿಯಲ್ಲಿ, ಪ್ರತಿ ನಟ್ಟಿನ ಮೂಲೆಯಲ್ಲೂ ನೀರು ಇಳಿದಾಗ ಬಿಟ್ಟುಹೋದ ನುಣ್ಣನೆಯ ಪದರ. ಎಲ್ಲೋ ಒಂದು ಎಲೆ, ಎಲ್ಲೋ ಒಂದು ಪ್ಲಾಸ್ಟಿಕ್ ಚೂರು ಅಂಟಿ ಒಣಗಿತ್ತು.

ಕೊಳವೆ ಕಪ್ಪಗೆ ಮಿರುಗುತ್ತಿತ್ತು.

ಅವಳು ಬೆರಳು ಎಳೆದಳು. ಕೆಸರು ಬರಲಿಲ್ಲ. ಬಂದದ್ದು ಹೊಸ ರಬ್ಬರಿನ ಮೇಲೆ ಅಂಗಡಿಯಲ್ಲಿರುವಾಗ ಇರುವ ಬಿಳಿ ಪುಡಿ. ಕೊಳವೆಯನ್ನು ಸ್ವಲ್ಪ ಸರಿಸಿದರೆ ಅದರ ಹಿಂದೆ, ಚಾಸಿಯ ಮೇಲೆ, ಕೆಸರು ಎಲ್ಲೂ ತುಂಡಾಗದೆ ಹರಡಿತ್ತು. ನೀರು ಬಂದು ಹೋದಮೇಲೆ ಇದನ್ನು ಕಟ್ಟಿದ್ದರು.

ಅವಳು ಎದ್ದು ಬಂದು ಮುಖ ಒರೆಸಿಕೊಂಡಳು. ಮ್ಯಾನೇಜರು ಹೇಳಿದ ಕೊಳವೆಯ ಮಾತನ್ನೂ ಬರೆದುಕೊಂಡಳು. ಡ್ರೈವರೇ ಹಾಕಿದ್ದು, ಎರಡು ವರ್ಷದ ಹಿಂದೆ. ಅವನು ಓದಿ ನೋಡಿ ಕೆಳಗೆ ಸಹಿ ಹಾಕಿದ. ನಾಲ್ಕು ಗಂಟೆಯ ತನಕ ಸಾಹೇಬರ ಕೋಣೆಯಲ್ಲೇ ಕುಳಿತಿರುತ್ತೇನೆ ಎಂದು ಹೇಳಿ, ಬಂದ ಹಾಗೆಯೇ ಒಣ ಜಾಗ ನೋಡುತ್ತ ಹೋದ.

ಕ್ರೇನಿನವನನ್ನು ಕೇಳಿದಳು. ಮೊನ್ನೆ ಗಾಡಿ ಎತ್ತುವಾಗ ಆಕ್ಸಲ್ಲಿಗೆ ಚೈನು ಸುತ್ತಿದ್ದು ಅವನೇ ತಾನೆ?

ಅವನು ತಲೆ ಕೆರೆದುಕೊಂಡ. ಕೊಳವೆ ಇದ್ದಿದ್ದರೆ ಚೈನಿಗೆ ಸಿಕ್ಕಿ ಜಜ್ಜಿಹೋಗಬೇಕಾಗಿತ್ತು ಎಂದ. ಜಜ್ಜಿಲ್ಲವಲ್ಲ ಎಂದ. ಹಾಗಾದರೆ ಇರಲಿಲ್ಲ ಎಂದ. ಆಣೆ ಮಾಡಲು ಆಗುವುದಿಲ್ಲವೆಂಬ ಮಾತು ನಾಲಿಗೆ ತುದಿಗೆ ಬಂದದ್ದು ಅವನ ಮುಖದಲ್ಲೇ ಕಂಡಿತು. ಸ್ವಲ್ಪ ಯೋಚಿಸಿದ. "ಇದಕ್ಕೆ ಮಾಡ್ತೀನಿ ಅಕ್ಕ" ಎಂದ.

ಇವತ್ತು ಆಕ್ಸಲ್ ಬಿಚ್ಚುತ್ತೇನೆ ಎಂದು ನಿನ್ನೆ ಸಂಜೆ ಅವಳು ಠಾಣೆಯ ಕೋಣೆಯಲ್ಲಿ ಎಲ್ಲರ ಎದುರಿಗೇ ಹೇಳಿದ್ದಳು. ಠಾಣಾಧಿಕಾರಿ ಇದ್ದ, ಹೇಳಿಕೆ ಕೊಡಲು ಬಂದ ಮ್ಯಾನೇಜರು ಇದ್ದ, ಬಾಗಿಲ ಬಳಿ ಮಗಳು ನಿಂತಿದ್ದಳು. ಆಮೇಲೆ ಇವತ್ತು ಬೆಳಿಗ್ಗೆಯ ತನಕ ಈ ಗೇಟಿಗೆ ಇದ್ದದ್ದು ಬರೀ ಸರಪಳಿ.

ಬೂಟಿಗೆ ಕೆಸರು ತಾಗಿಸಿಕೊಳ್ಳದ ಮನುಷ್ಯ ಗಾಡಿಯ ಕೆಳಗೆ ಮಲಗಿ ಕೊಳವೆ ಕಟ್ಟುವವನಲ್ಲ. ಕಟ್ಟಿದವರು ಬೇರೆ.

ಅವಳು ಹಿಂದಿನ ದೀಪದ ಬಳಿ ಬಗ್ಗಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮೇಲಿನ ಕಟ್ಟನ್ನು ನೋಡಿದಳು. ನೀಲಿ ನೈಲಾನ್ ದಾರ. ಕೆಸರಿಲ್ಲ, ತೇವವಿಲ್ಲ. ಕ್ರೇನಿನವನು ಇಕ್ಕಳ ಹಾಕಿ ಎಳೆದು ನೋಡಿದ, ಗಂಟು ಜಗ್ಗಲಿಲ್ಲ. ದಾರದ ತುದಿಯಲ್ಲಿ ಸಾಸಿವೆಯಷ್ಟು ಗಾತ್ರದ ಕಪ್ಪು ಮಣಿ.

ಅವಳು ಟಾರ್ಚು ಆರಿಸಿ ಸ್ಟೂಲಿನ ಮೇಲೆ ಕುಳಿತಳು. ಮನಸ್ಸಿನಲ್ಲೇ ಎರಡು ಸಾಲು ದೇವರಿಗೆ ಹೇಳಿಕೊಂಡಳು. ನೀರಿನಲ್ಲಿ ಹೋದನೆಂದು ಎರಡು ದಿನದಿಂದ ದೋಣಿ ಹಾಕಿ ಹುಡುಕುತ್ತಿರುವ ಗುಮಾಸ್ತ ನಿನ್ನೆ ರಾತ್ರಿ ಈ ಅಂಗಳಕ್ಕೆ ಬಂದು ಗಂಟು ಹಾಕಿ ಹೋಗಿದ್ದ. ಸತ್ತವನೇ ಇಲ್ಲದ ಮೇಲೆ ಸಾವಿಗೆ ಕಾರಣನಾದವನು ಎಲ್ಲಿಂದ ಬಂದ? ಗಂಟು ಅವನದೇ ಎಂದು ಹೆಂಡತಿ ಗುರುತಿಸಿ ಒಂದು ಸಹಿ ಹಾಕಿದರೆ ಸಾಕು. ಮೂರೂವರೆ. ಅಪ್ಪ ಇವತ್ತು ಮನೆಯಲ್ಲಿ ಊಟ ಮಾಡಬಹುದು.

ಇಂಥ ಸುದ್ದಿಯನ್ನು ಹೇಗೆ ಹೇಳಬೇಕೆಂದು ಬೆಂಚಿನ ತನಕ ನಡೆಯುವಾಗ ಯೋಚಿಸಿದಳು. ಹೊಳೆಯಲಿಲ್ಲ. ಬಾ ಮಗಳೇ, ಒಂದು ನಿಮಿಷ, ಎಂದಷ್ಟೇ ಹೇಳಿ ಕರೆತಂದಳು.

"ಇದನ್ನ ನೋಡಿ ಹೇಳು. ನಿಧಾನವಾಗಿ ನೋಡು, ಅವಸರ ಇಲ್ಲ" ಎಂದು ಕೆಳಗಿನ ಕಟ್ಟಿನ ಮೇಲೆ ಟಾರ್ಚು ಹಿಡಿದಳು.

ಮಗಳು ಕುಕ್ಕರುಗಾಲಿನಲ್ಲಿ ಕುಳಿತು ಗಾಡಿಯ ಅಡಿಗೆ ಕೈ ಚಾಚಿದಳು. ಬೆಳಕಿನಲ್ಲಿ ಅವಳ ಮುಖ ಅರ್ಧ ಕಾಣುತ್ತಿತ್ತು. ಅದರಲ್ಲಿ ಸಂತೋಷ ಬರುತ್ತದೆಂದು ಪರೀಕ್ಷಕಿ ಕಾದಳು. ಬರಲಿಲ್ಲ. ಆಶ್ಚರ್ಯವೂ ಬರಲಿಲ್ಲ.

"ಇದು ಅವರ ಗಂಟಲ್ಲ, ಮೇಡಂ."

ಹೇಳುವ ಹೊತ್ತಿಗೆ ಅವಳ ಕಿರುಬೆರಳು ಒಳಗಿನ ತುದಿಯನ್ನು ಹುಡುಕಿಕೊಂಡಿತ್ತು. ಒಂದೇ ಎಳೆತ. ಇಕ್ಕಳಕ್ಕೂ ಬಗ್ಗದಂಥ ಗಂಟು ಬಿಚ್ಚಿ, ದಾರ ನೇರವಾಗಿ ಅವಳ ಅಂಗೈಗೆ ಬಂತು. ಕೊಳವೆಯ ಕೆಳಗಿನ ಭಾಗ ಜೋತುಬಿತ್ತು.

ಕ್ರೇನಿನವನು ಬಾಯಿ ತೆರೆದ, ಪರೀಕ್ಷಕಿ ಕಣ್ಣಿನಲ್ಲೇ ತಡೆದಳು. ಮಗಳ ಕೈ ಆಗಲೇ ದೀಪದ ಹಿಂದಿನ ಎರಡನೆಯ ಗಂಟಿನ ಕಡೆಗೆ ಹೊರಟಿತ್ತು. ಪರೀಕ್ಷಕಿ ತನ್ನ ಅಂಗೈಯನ್ನು ಅದರ ಮೇಲೆ ಮುಚ್ಚಿ ಹಿಡಿದಳು.

ಆ ಗಂಟು ಹಾಕಬಲ್ಲವರು ಇಬ್ಬರು. ಮಧ್ಯಾಹ್ನ ಇವಳೇ ಹೇಳಿದ್ದು. ಒಬ್ಬನ ಹೆಸರು ನಾಲ್ಕು ಗಂಟೆಗೆ ಸತ್ತವರ ಕಾಲಮ್ಮಿನಲ್ಲಿ ಬರೆಯಬೇಕಾಗಿದೆ. ಇನ್ನೊಬ್ಬಳು ಎದುರಿಗೆ ಕುಳಿತಿದ್ದಾಳೆ, ಸೆರಗಿನ ತುದಿಯಲ್ಲಿ ಅದೇ ನೀಲಿ ದಾರದ ಮುದ್ದೆ ಕಟ್ಟಿಕೊಂಡು.

"ಕಟ್ಟಿದ್ದು ಅವನಾ, ನೀನಾ?"

ಮಗಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಒಳಗಿರೋದು ನಿನ್ನ ಅಪ್ಪ ಕಣಮ್ಮ. ಇನ್ನು ಇಪ್ಪತ್ತು ನಿಮಿಷಕ್ಕೆ ನಾನು ಬರೆದುಕೊಡಬೇಕು. ಇದು ಯಾರ ಗಂಟು ಅಂತ ನೀನು ಒಂದು ಮಾತು ಹೇಳಿದ್ರೆ ಅವರು ಮನೆಗೆ ಬರ್ತಾರೆ."

"ಬರೋದು ಬೇಡ."

ಅದನ್ನು ಅವಳು ಮಾರುಕಟ್ಟೆಯಲ್ಲಿ ಸಾಮಾನು ಬೇಡ ಎನ್ನುವಷ್ಟು ಸಾಧಾರಣ ದನಿಯಲ್ಲಿ ಹೇಳಿದಳು. ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಕುಳಿತಳು.

"ನೀವು ಬರೆಯೋದು ಬರೆದುಬಿಡಿ, ಮೇಡಂ" ಎಂದಳು. "ಅಪ್ಪ ಒಳಗಿರೋ ತನಕ ಇಬ್ಬರೂ ಬದುಕಿರ್ತಾರೆ. ಅಪ್ಪ ಹೊರಗೆ ಬಂದ ದಿನ ನಮ್ಮನೆಯವರನ್ನ ನಿಜವಾಗ್ಲೂ ನೀರಿಗೆ ಹಾಕ್ತಾರಂತೆ."

ಯಾರು ಹೇಳಿದರು ಎಂದು ಪರೀಕ್ಷಕಿ ಕೇಳಬೇಕೆಂದಿದ್ದಳು. ಕೇಳುವ ಮೊದಲೇ ಅವಳ ಕಿವಿಗೆ ಸದ್ದು ಬಿತ್ತು. ಠಾಣೆಯ ಹಿಂಬಾಗಿಲಿನಿಂದ ಅಂಗಳದ ಕಡೆಗೆ ಎರಡು ಹೆಜ್ಜೆ, ಒಂದು ನಿಲುಗಡೆ, ಮತ್ತೆ ಎರಡು ಹೆಜ್ಜೆ. ಕೆಸರು ತಾಗದ ಹಾಗೆ ಜಾಗ ನೋಡಿ ಇಡುವ ಹೆಜ್ಜೆ.

ಮಗಳಿಗೂ ಅದು ಕೇಳಿಸಿತು. ಬೆರಳಿಗೆ ಸುತ್ತಿದ ದಾರವನ್ನು ಅವಳು ಪರೀಕ್ಷಕಿಯ ಮುಂದೆ ಚಾಚಿದಳು, ತುಟಿ ಅಲುಗಿಸದೆ.

"ಬಚ್ಚಿಟ್ಕೊಳ್ಳಿ. ಗಂಟು ನೋಡಿ ಯಾರಿಗೂ ಏನೂ ಗೊತ್ತಾಗಲ್ಲ ಅಂತಾನೇ ಈ ಬರ್ತಿರೋರು ಅಂದ್ಕೊಂಡಿರೋದು. ಕಾಣಲಿ ಅಂತ ಕಟ್ಟಿದ್ದು ನಮ್ಮನೆಯವರು."

ಹೆಜ್ಜೆ ಗಾಡಿಯ ಆಚೆ ಬದಿಗೆ ಬಂದು ನಿಂತಿತು.

"ವರದಿ ಆಯ್ತಾ ಮೇಡಂ?" ಎಂದಿತು ಮ್ಯಾನೇಜರಿನ ದನಿ. "ಸಾಹೇಬರು ಕಾಯ್ತಾ ಇದ್ದಾರೆ."

ಪರೀಕ್ಷಕಿ ದಾರವನ್ನು ಮುಷ್ಟಿಯೊಳಗೆ ತೆಗೆದುಕೊಂಡಳು. ಇನ್ನೊಂದು ಕೈ ಮೇಲಿನ ಗಂಟಿನ ಮೇಲೇ ಇತ್ತು. ಸ್ಟೂಲಿನ ಮೇಲೆ ಫಾರ್ಮು, ಫಾರ್ಮಿನ ಮೇಲೆ ಪೆನ್ನು. ಕೊನೆಯ ಕಾಲಮ್ಮು ಖಾಲಿಯಾಗಿತ್ತು.

"ಬರೀತಾ ಇದ್ದೀನಿ" ಎಂದಳು.